ಪಿಆರ್ ಏಜೆನ್ಸಿ ಕಳಿಸಿದ ಪ್ರಪೋಸಲ್: ಈ ಪದಗಳನ್ನು ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ

ನವಣೆಕ್ಕಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಹೊಸದುರ್ಗ ಕಡೆಯ ಒಂದು ರೈತ ಉತ್ಪಾದಕರ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಸಾವೆ, ನವಣೆ, ಕೊರಲೆ ಬೆಳೆಯುವ ರೈತರೇ ನಮ್ಮ ಷೇರುದಾರರು. ಅಕ್ಕಿ, ಹಿಟ್ಟು, ದೋಸೆ ಮಿಕ್ಸ್ ಪ್ಯಾಕೆಟ್ ಮಾಡಿ ದೀಪಾವಳಿ ಹೊತ್ತಿಗೆ ಅಂಗಡಿಗೆ ಬಿಡಬೇಕು ಅಂತ ತೀರ್ಮಾನ ಆಗಿದೆ. ಪ್ರಚಾರಕ್ಕೆ ಬೆಂಗಳೂರಿನ ಒಂದು ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿಯನ್ನು ಕೇಳಿದೆವು. ಚೆಂದದ ಪ್ರಪೋಸಲ್ ಕಳಿಸಿದ್ದಾರೆ. ಅದರಲ್ಲಿ ಅರ್ಧ ನನಗೇ ಅರ್ಥವಾಗಿಲ್ಲ. ನಿರ್ದೇಶಕರ ಸಭೆಯಲ್ಲಿ ಏನಂತ ಹೇಳಲಿ?

ಕೆಲವು ಸಾಲು ಇಲ್ಲಿ ಹಾಕಿದ್ದೇನೆ. "ತಿಂಗಳ ರಿಟೇನರ್ ಮೇಲೆ ಕೆಲಸ." "ಟೈರ್ ಒನ್ ಪತ್ರಿಕೆಗಳಲ್ಲಿ ಆರು ಸ್ಟೋರಿ ಗ್ಯಾರಂಟಿ." "ಅರ್ನ್ಡ್ ಮತ್ತು ಓನ್ಡ್ ಮೀಡಿಯಾ ಮಿಶ್ರಣ." "ಎಂಬಾರ್ಗೊ ಹಾಕಿ ಪ್ರೆಸ್ ಕಿಟ್." "ಒಂದು ಎಕ್ಸ್‌ಕ್ಲೂಸಿವ್ ಪಿಚ್." "ಎವಿಇ ಲೆಕ್ಕದಲ್ಲಿ ಹೂಡಿಕೆಯ ಹತ್ತು ಪಟ್ಟು ಮೌಲ್ಯ."

ಇಂಟರ್ನೆಟ್‌ನಲ್ಲಿ ಹುಡುಕಿದರೆ ಅರ್ಥ ಸಿಗುತ್ತದೆ. ಆದರೆ ನಮ್ಮ ದುಡ್ಡು ಎಲ್ಲಿಗೆ ಹೋಗಿ ಏನು ತರುತ್ತದೆ ಅನ್ನುವುದು ಗೊತ್ತಾಗುತ್ತಿಲ್ಲ.

ಹಳೇ ಡೆಸ್ಕು

ಅಮ್ಮಾ, ಪತ್ರಿಕೆಯ ಡೆಸ್ಕ್‌ನಲ್ಲೇ ತಲೆ ಹಣ್ಣಾದವನು ನಾನು. ಒಂದೊಂದು ಪದವನ್ನೂ ಬಾಯಿಪಾಠ ಮಾಡಬೇಡಿ. ಪ್ರತಿ ಪದಕ್ಕೂ ಎರಡು ಪ್ರಶ್ನೆ ಕೇಳಿ: ಇದರಲ್ಲಿ ಯಾರು ದುಡ್ಡು ಕೊಡುತ್ತಾರೆ? ಏನು ಅಚ್ಚಾಗಬೇಕು ಅಂತ ಕೊನೆಗೆ ಯಾರು ತೀರ್ಮಾನಿಸುತ್ತಾರೆ?

ಪೇಯ್ಡ್ ಮೀಡಿಯಾ ಅಂದರೆ ಜಾಹೀರಾತು. ದುಡ್ಡು ನಿಮ್ಮದು, ಬರಹವೂ ನಿಮ್ಮದು. ಓನ್ಡ್ ಅಂದರೆ ನಿಮ್ಮದೇ ವೆಬ್‌ಸೈಟ್, ಫೇಸ್‌ಬುಕ್ ಪುಟ, ಪ್ಯಾಕೆಟ್ ಮೇಲಿನ ಬರಹ, ರೈತರ ವಾಟ್ಸ್‌ಆ್ಯಪ್ ಗುಂಪು. ಅರ್ನ್ಡ್ ಅಂದರೆ ಪತ್ರಿಕೆಯೋ ಚಾನೆಲ್ಲೋ ಇದು ಸುದ್ದಿ ಅನ್ನಿಸಿ ತಾನಾಗಿ ಹಾಕುವುದು. ಅಲ್ಲಿ ದುಡ್ಡಿಲ್ಲ, ತೀರ್ಮಾನವೂ ನಿಮ್ಮ ಕೈಯಲ್ಲಿಲ್ಲ. ವರದಿಗಾರ ನಿಮ್ಮ ನವಣೆ ಹೊಗಳಿ ಬರೆಯಬಹುದು, ರೈತರಿಗೆ ಬಾಕಿ ಕೊಟ್ಟಿಲ್ಲ ಅಂತಲೂ ಬರೆಯಬಹುದು.

ಈಗ "ಆರು ಸ್ಟೋರಿ ಗ್ಯಾರಂಟಿ" ಅನ್ನುವ ಸಾಲನ್ನು ಮತ್ತೆ ಓದಿ. ತೀರ್ಮಾನ ಸಂಪಾದಕರದ್ದಾದರೆ ಏಜೆನ್ಸಿ ಹೇಗೆ ಗ್ಯಾರಂಟಿ ಕೊಡುತ್ತದೆ? ಪ್ರಯತ್ನಕ್ಕೆ ಗ್ಯಾರಂಟಿ ಕೊಡಬಹುದು, ಪುಟಕ್ಕೆ ಕೊಡಲು ಬರುವುದಿಲ್ಲ. ಆ ಆರರಲ್ಲಿ ಎಷ್ಟು ಅಡ್ವಟೋರಿಯಲ್, ಅಂದರೆ ದುಡ್ಡು ಕೊಟ್ಟು ಲೇಖನದ ರೂಪದಲ್ಲಿ ಹಾಕಿಸುವ ಜಾಹೀರಾತು, ಅಂತ ಬರಹದಲ್ಲೇ ಉತ್ತರ ತರಿಸಿಕೊಳ್ಳಿ.

ಬಸವನಗುಡಿ ಬುಲೆಟಿನ್

ನಾನು ಪಿಆರ್ ಏಜೆನ್ಸಿಯಲ್ಲೇ ಇದ್ದೇನೆ, ಅದಕ್ಕೆ ನಮ್ಮ ಕಡೆಯ ಮಾತನ್ನೂ ಹೇಳುತ್ತೇನೆ. ಡೆಸ್ಕು ಸರ್ ಹೇಳಿದ್ದು ಸರಿ. ಆದರೆ ಗ್ಯಾರಂಟಿ ಕೊಡದಿದ್ದರೆ ಪಕ್ಕದ ಏಜೆನ್ಸಿ ಕೊಡುತ್ತದೆ, ಕ್ಲೈಂಟ್ ಅಲ್ಲಿಗೆ ಹೋಗುತ್ತಾರೆ.

ರಿಟೇನರ್ ಅಂದರೆ ತಿಂಗಳಿಗೆ ಇಷ್ಟು ಅಂತ ಕೊಡುವ ಕಟ್ಟು ಶುಲ್ಕ. ಸುದ್ದಿ ಬರಲಿ, ಬಿಡಲಿ, ಅದು ಕೊಡಲೇಬೇಕು. ನಿಮ್ಮಂಥ ಸಣ್ಣ ಕಂಪನಿಗೆ ವರ್ಷಪೂರ್ತಿ ಸುದ್ದಿ ಇರುವುದಿಲ್ಲ. ಲಾಂಚ್‌ಗೆ ಮಾತ್ರ ಪ್ರಾಜೆಕ್ಟ್ ಲೆಕ್ಕದಲ್ಲಿ ಮಾತಾಡಿ, ಕಮ್ಮಿ ಬೀಳುತ್ತದೆ. ನಮ್ಮ ಬಾಸ್ ಇದನ್ನು ಓದದಿರಲಿ!

ಟೈರ್ ಒನ್ ಅನ್ನುವುದಕ್ಕೆ ಎಲ್ಲೂ ಅಧಿಕೃತ ಪಟ್ಟಿ ಇಲ್ಲ. ಪ್ರತಿ ಏಜೆನ್ಸಿಯೂ ತನ್ನ ಪಟ್ಟಿ ತಾನೇ ಮಾಡಿಕೊಳ್ಳುತ್ತದೆ. ಬಹಳಷ್ಟು ಪಟ್ಟಿಯಲ್ಲಿ ಮೊದಲಿಗೆ ಇಂಗ್ಲಿಷ್ ಪತ್ರಿಕೆಗಳು, ಬಿಸಿನೆಸ್ ಪತ್ರಿಕೆಗಳು ಇರುತ್ತವೆ. ನಿಮ್ಮ ಗಿರಾಕಿ ದಾವಣಗೆರೆ, ತುಮಕೂರಿನ ಕಿರಾಣಿ ಅಂಗಡಿಯಲ್ಲಿದ್ದರೆ ಕನ್ನಡ ಪತ್ರಿಕೆಯ ಜಿಲ್ಲಾ ಪುಟವೇ ನಿಮಗೆ ಟೈರ್ ಒನ್.

ಪಿಚ್ ಅಂದರೆ ವರದಿಗಾರರಿಗೆ "ಇಂಥ ಒಂದು ಸ್ಟೋರಿ ಇದೆ, ಮಾಡ್ತೀರಾ" ಅಂತ ಕೇಳುವುದು. ಅದನ್ನು ಒಬ್ಬರಿಗೇ ಕೊಟ್ಟರೆ ಎಕ್ಸ್‌ಕ್ಲೂಸಿವ್. ಇಬ್ಬರಿಗೆ ಎಕ್ಸ್‌ಕ್ಲೂಸಿವ್ ಅಂತ ಹೇಳಿದರೆ ಇಬ್ಬರೂ ಮುಂದೆ ನಿಮ್ಮ ಫೋನ್ ಎತ್ತುವುದಿಲ್ಲ. ಬಾಯ್ಲರ್‌ಪ್ಲೇಟ್ ಅನ್ನುವ ಪದವೂ ಪ್ರಪೋಸಲ್‌ನಲ್ಲಿ ಎಲ್ಲೋ ಇರಬೇಕು. ಪ್ರೆಸ್ ನೋಟ್‌ನ ಕೊನೆಗೆ ಕಂಪನಿ ಬಗ್ಗೆ ಪ್ರತಿ ಸಲ ಹಾಗೇ ಅಂಟಿಸುವ ನಾಲ್ಕು ಸಾಲಿಗೆ ಆ ಹೆಸರು, ಅಷ್ಟೇ.

ರಾಗಿಮುದ್ದೆ ರಿಟರ್ನ್ಸ್

ಎವಿಇ ಬಗ್ಗೆ ಮಾತ್ರ ಜಾಣತನದಿಂದ ಸುಮ್ಮನಾಗಿಬಿಟ್ಟಿರಲ್ಲ ಬುಲೆಟಿನ್ ಸಾಹೇಬ್ರೇ 😄

ಬಸವನಗುಡಿ ಬುಲೆಟಿನ್

ಬರ್ತಿದ್ದೆ ಮಾರಾಯ್ರೇ, ಅದಕ್ಕೆ ಜಾಸ್ತಿ ಜಾಗ ಬೇಕು.

ಎವಿಇ ಅಂದರೆ ಸುದ್ದಿ ಬಂದ ಜಾಗಕ್ಕೆ ಜಾಹೀರಾತಿನ ದರದಲ್ಲಿ ಕಟ್ಟುವ ಬೆಲೆ (ಅಡ್ವರ್ಟೈಸಿಂಗ್ ವ್ಯಾಲ್ಯೂ ಈಕ್ವಿವಲೆನ್ಸ್). ಲೆಕ್ಕ ಹೀಗೆ. ನಿಮ್ಮ ಸುದ್ದಿ ಪತ್ರಿಕೆಯಲ್ಲಿ 12 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದ ಬಂತು ಅಂದುಕೊಳ್ಳಿ. 180 ಚದರ ಸೆಂ.ಮೀ. ಆಯಿತು. ಅದೇ ಪುಟದಲ್ಲಿ ಜಾಹೀರಾತಿಗೆ ಚದರ ಸೆಂ.ಮೀ.ಗೆ 1,000 ರೂಪಾಯಿ ಅಂತ ಇಟ್ಟುಕೊಂಡರೆ 1 ಲಕ್ಷ 80 ಸಾವಿರ. "ಜಾಹೀರಾತಿಗಿಂತ ಸುದ್ದಿಯನ್ನು ಜನ ಜಾಸ್ತಿ ನಂಬುತ್ತಾರೆ" ಅಂತ ಅದನ್ನು ಮೂರರಿಂದ ಗುಣಿಸಿದರೆ 5 ಲಕ್ಷ 40 ಸಾವಿರ. ತಿಂಗಳ ಕೊನೆಗೆ ಇವನ್ನೆಲ್ಲ ಕೂಡಿಸಿ, ಕಟಿಂಗ್ ಅಂಟಿಸಿ, ಡಾಸಿಯರ್ ಅಂತ ಬಣ್ಣದ ಪುಸ್ತಕ ಕೊಡುತ್ತಾರೆ.

ತಮಾಷೆ ಏನೆಂದರೆ ಆ 1,000 ರೂಪಾಯಿ ಕಾರ್ಡ್ ರೇಟ್, ಅಂದರೆ ಪತ್ರಿಕೆಯ ದರಪಟ್ಟಿಯಲ್ಲಿ ಅಚ್ಚಾಗಿರುವ ದರ. ಅಷ್ಟು ಪೂರ್ತಿ ಕೊಟ್ಟು ಜಾಹೀರಾತು ಹಾಕಿಸುವವರು ಅಪರೂಪ, ಎಲ್ಲರೂ ಚೌಕಾಸಿ ಮಾಡುತ್ತಾರೆ. ಮೂರು ಪಟ್ಟು ಯಾಕೆ, ಎರಡೂವರೆ ಯಾಕಲ್ಲ ಅಂದರೆ ನಮ್ಮ ಆಫೀಸಿನಲ್ಲೂ ಯಾರ ಹತ್ತಿರವೂ ಉತ್ತರ ಇಲ್ಲ.

ಹಳೇ ಡೆಸ್ಕು

ಇನ್ನೂ ದೊಡ್ಡ ತಮಾಷೆ ಇದೆ. ನಿಮ್ಮ ಹಿಟ್ಟಿನಲ್ಲಿ ಹುಳ ಸಿಕ್ಕಿತು ಅಂತ ಅದೇ ಪುಟದಲ್ಲಿ ಅಷ್ಟೇ ಅಗಲಕ್ಕೆ ಸುದ್ದಿ ಬಂದರೆ ಅದರ ಎವಿಇ ಎಷ್ಟು? ಸ್ಕೇಲ್ ಇಟ್ಟು ಅಳೆದರೆ ಅದೂ 5 ಲಕ್ಷ 40 ಸಾವಿರವೇ.

ಬಸವನಗುಡಿ ಬುಲೆಟಿನ್

ಸರ್, ಒಪ್ಪಿದೆ. ನಮ್ಮ ವೃತ್ತಿಯವರೂ ಇದನ್ನು ಒಪ್ಪಿ ಬಹಳ ಕಾಲ ಆಯಿತು. 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ್ದ ಪಿಆರ್ ಅಳತೆಗಾರರ ಸಮ್ಮೇಳನ ಎವಿಇ ಎಂಬುದು ಪಿಆರ್ ಕೆಲಸದ ಮೌಲ್ಯವಲ್ಲ ಅಂತ ಬರೆದೇ ಬಿಟ್ಟಿತು. ಬಾರ್ಸಿಲೋನಾ ತತ್ವಗಳು ಅಂತ ಅದಕ್ಕೆ ಹೆಸರು. ಆದರೂ ಕ್ಲೈಂಟ್‌ಗಳು ಒಂದು ರೂಪಾಯಿ ಅಂಕಿ ಕೊಡಿ ಅಂತ ಕೇಳುವುದು ಬಿಟ್ಟಿಲ್ಲ, ಹಾಗಾಗಿ ನಾವೂ ಬಿಟ್ಟಿಲ್ಲ.

ನವಣೆಕ್ಕಿ ಅವರೇ, ಆ ಕಾಲಂ ತೆಗೆದುಹಾಕಿ ಅಂತ ಹೇಳಿ. ಬದಲಿಗೆ ಸುದ್ದಿ ಬಂದ ವಾರ ಎಷ್ಟು ಹೊಸ ಅಂಗಡಿಯವರು ಫೋನ್ ಮಾಡಿದರು, ಎಷ್ಟು ಜನ ವೆಬ್‌ಸೈಟ್‌ಗೆ ಬಂದರು ಅನ್ನುವ ಲೆಕ್ಕ ಕೇಳಿ. ಅದು ನಿಮಗೂ ಉಪಯೋಗ.

ತುಂಗಾತೀರ

ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ಬರೀ ಪತ್ರಿಕೆ ಓದುವವಳು. ಬೆಳಿಗ್ಗೆ ಪತ್ರಿಕೆ ಹಿಡಿದಾಗ ಯಾವುದು ವರದಿಗಾರ ಓಡಾಡಿ ತಂದ ಸುದ್ದಿ, ಯಾವುದು ಕಳಿಸಿಕೊಟ್ಟದ್ದು ಅಂತ ಗುರುತು ಹಿಡಿಯುವುದು ಹೇಗೆ?

ಹಳೇ ಡೆಸ್ಕು

ಒಳ್ಳೆ ಪ್ರಶ್ನೆ ಕೇಳಿದ್ರಿ. ಇದರ ಬಗ್ಗೆ ಮಾತಾಡಲು ನನಗೆ ಬಲು ಇಷ್ಟ.

ಮೊದಲು ಸುದ್ದಿಯ ನೆತ್ತಿ ನೋಡಿ. ವರದಿಗಾರರ ಹೆಸರಿದ್ದರೆ ಅದು ಬೈಲೈನ್. ಪತ್ರಿಕೆಯ ಹೆಸರಿನ ಜೊತೆ "ವಾರ್ತೆ" ಅಂತ ಇದ್ದರೆ ಸಿಬ್ಬಂದಿಯ ಮಾಮೂಲಿ ವರದಿ, ಅಥವಾ ಬಂದ ಪ್ರಕಟಣೆಯನ್ನು ತಿದ್ದಿ ಹಾಕಿದ್ದು. "ಪಿಟಿಐ" ಅಂತ ಇದ್ದರೆ ಸುದ್ದಿಸಂಸ್ಥೆಯದು, ಅದೇ ಸುದ್ದಿ ಬೇರೆ ಪತ್ರಿಕೆಗಳಲ್ಲೂ ಇರುತ್ತದೆ. ಊರಿನ ಹೆಸರಿನಿಂದ ಶುರುವಾಗುತ್ತದಲ್ಲ, "ಚಿತ್ರದುರ್ಗ:" ಅಂತ, ಅದು ಡೇಟ್‌ಲೈನ್. ಮೊದಲ ಪ್ಯಾರಾವನ್ನು ನಾವು ಇಂಟ್ರೊ ಅನ್ನುತ್ತೇವೆ.

ಆಮೇಲೆ ಕ್ರಿಯಾಪದ ನೋಡಿ. "ಪ್ರಕಟಣೆಯಲ್ಲಿ ತಿಳಿಸಿದ್ದಾರೆ" ಅಂದರೆ ಯಾರೂ ಯಾರನ್ನೂ ಭೇಟಿ ಮಾಡಿಲ್ಲ, ಮೇಲ್ ಬಂದಿದೆ. "ಪತ್ರಿಕಾಗೋಷ್ಠಿಯಲ್ಲಿ ಹೇಳಿದರು" ಅಂದರೆ ಪತ್ರಿಕಾ ಭವನದಲ್ಲಿ ಕುರ್ಚಿ ಹಾಕಿ ಎಲ್ಲರಿಗೂ ಒಟ್ಟಿಗೆ ಹೇಳಿದ್ದು. "ಪತ್ರಿಕೆಗೆ ತಿಳಿಸಿದರು" ಅಂದರೆ ನಮ್ಮವರು ಫೋನ್ ಮಾಡಿಯೋ ಹೋಗಿಯೋ ಕೇಳಿದ್ದು, ಇದಕ್ಕೆ ಬೆಲೆ ಹೆಚ್ಚು. "ಬಲ್ಲ ಮೂಲಗಳು ತಿಳಿಸಿವೆ" ಅಂದರೆ ಹೇಳಿದವರು ಇದ್ದಾರೆ, ಹೆಸರು ಹಾಕುವಂತಿಲ್ಲ. "ಎನ್ನಲಾಗಿದೆ" ಇದೆಯಲ್ಲ, ಅದು ಎರಡು ಥರ. ಪೊಲೀಸ್ ದೂರಿನ ಸುದ್ದಿಯಲ್ಲಿ ಬಂದರೆ ಎಚ್ಚರಿಕೆ, ಯಾಕೆಂದರೆ ಆರೋಪ ಸಾಬೀತಾಗಿಲ್ಲ. ಸಿನಿಮಾ, ರಾಜಕೀಯ ಸುದ್ದಿಯಲ್ಲಿ ಸಾಲು ಸಾಲಾಗಿ ಬಂದರೆ ಮಾತ್ರ ಬರೆದವರಿಗೇ ಗೊತ್ತಿಲ್ಲ ಅಂತ ಅರ್ಥ. ನಾನು ಡೆಸ್ಕ್‌ನಲ್ಲಿದ್ದಾಗ ಒಂದೇ ಪ್ಯಾರಾದಲ್ಲಿ ಎರಡನೇ "ಎನ್ನಲಾಗಿದೆ" ಕಂಡರೆ ವರದಿಗಾರರಿಗೆ ಫೋನ್ ಹೋಗುತ್ತಿತ್ತು.

ಪ್ರೆಸ್ ನೋಟ್ ಹಾಗೇ ಅಚ್ಚಾಗುವುದು ಹೊಸದೇನಲ್ಲ. 1906ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ರೈಲು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಕಂಪನಿಗೆ ಕೆಲಸ ಮಾಡುತ್ತಿದ್ದ ಐವಿ ಲೀ ಎಂಬಾತ ಮುಚ್ಚಿಡುವ ಬದಲು ತಾನೇ ಹೇಳಿಕೆ ಬರೆದು ಪತ್ರಿಕೆಗಳಿಗೆ ಕೊಟ್ಟ. ನ್ಯೂಯಾರ್ಕ್ ಟೈಮ್ಸ್ ಅದನ್ನು ಹಾಗೆಯೇ ಅಚ್ಚು ಹಾಕಿತು. ಅದನ್ನೇ ಮೊದಲ ಪ್ರೆಸ್ ರಿಲೀಸ್ ಅನ್ನುವವರಿದ್ದಾರೆ.

ಮೈಕ್ ಲೋಗೊ

ಟಿವಿಯಲ್ಲಿ ಬೇರೆಯೇ ಭಾಷೆ. ನಾನು ಜಿಲ್ಲಾ ವರದಿಗಾರ್ತಿ. ಪ್ರಿಂಟ್‌ನವರಿಗೆ ಆಂಕರ್ ಅಂದರೆ ಮುಖಪುಟದ ಬುಡದಲ್ಲಿ ಬರುವ ಹಗುರಾದ ವಿಶೇಷ ಸುದ್ದಿ. ನಮಗೆ ಆಂಕರ್ ಅಂದರೆ ಸ್ಟುಡಿಯೋದಲ್ಲಿ ಕೂಗುವವರು.

ನಾವು ನಿಮ್ಮ ಹತ್ತಿರ ಬಂದರೆ ಕೇಳುವುದು ಬೈಟ್. 15ರಿಂದ 20 ಸೆಕೆಂಡ್. ಅಷ್ಟರಲ್ಲಿ ಮಾತು ಮುಗಿಯಬೇಕು. ನಿಮ್ಮ ಅಧ್ಯಕ್ಷರು ವೇದಿಕೆ ಮೇಲಿರುವ ಗಣ್ಯರನ್ನೆಲ್ಲ ಸ್ಮರಿಸಿ ಶುರು ಮಾಡಿದರೆ ಎಡಿಟರ್ ಅಲ್ಲೇ ಕತ್ತರಿಸುತ್ತಾರೆ. ಕ್ಯಾಮೆರಾ ಬರಲು ಆಗದಿದ್ದರೆ ಫೋನೊ, ಅಂದರೆ ಫೋನ್‌ನಲ್ಲಿ ಮಾತು, ಪರದೆ ಮೇಲೆ ನಿಮ್ಮ ಫೋಟೊ. ವರದಿಗಾರರು ಕ್ಯಾಮೆರಾ ನೋಡಿ ಮಾತಾಡುವುದು ಪಿಟುಸಿ. ದೃಶ್ಯದ ಮೇಲೆ ಕೇಳುವ ದನಿ ವಿಒ. ಕೆಳಗೆ ಓಡುವ ಸಾಲು ಸ್ಕ್ರಾಲ್.

ಮುಖ್ಯವಾದದ್ದು ವಿಶುವಲ್ಸ್. ಸಭಾಂಗಣದಲ್ಲಿ ದೀಪ ಬೆಳಗುವುದು, ಹೂಗುಚ್ಛ ಕೊಡುವುದು ನಮಗೆ ಬೇಡ. ಸಾವೆ ಒಕ್ಕಣೆ, ಸಿಪ್ಪೆ ತೆಗೆಯುವ ಯಂತ್ರ, ದೋಸೆ ಹುಯ್ಯುವ ಅಜ್ಜಿ ಇವನ್ನು ಕೊಡಿ. ಅರ್ಧ ನಿಮಿಷದ ಸ್ಟೋರಿ ಒಂದೂವರೆ ನಿಮಿಷ ಆಗುತ್ತದೆ.

ಇನ್ನೊಂದು ವಿಷಯ. ಏಜೆನ್ಸಿಯವರು "ಈ ಚಾನೆಲ್ ಟಿಆರ್‌ಪಿ ಜಾಸ್ತಿ" ಅಂದರೆ ಯಾವ ಮಾರುಕಟ್ಟೆ, ಯಾವ ವಯಸ್ಸಿನವರು, ಯಾವ ಹೊತ್ತು ಅಂತ ಕೇಳಿ. ಈಗ ರೇಟಿಂಗ್ ಕೊಡುವುದು ಬಾರ್ಕ್ ಅನ್ನುವ, ಟಿವಿ ವೀಕ್ಷಣೆ ಅಳೆಯುವ ಸಂಸ್ಥೆ. ಮೀಟರ್ ಇಟ್ಟಿರುವುದು ಆಯ್ದ ಕೆಲವು ಮನೆಗಳಲ್ಲಿ, ಉಳಿದದ್ದು ಲೆಕ್ಕಾಚಾರ. 2020ರ ಅಕ್ಟೋಬರ್‌ನಲ್ಲಿ ರೇಟಿಂಗ್ ತಿರುಚಿದ ಆರೋಪ ಬಂದ ಮೇಲೆ ಸುದ್ದಿ ಚಾನೆಲ್‌ಗಳ ವಾರದ ಅಂಕಿ ನಿಲ್ಲಿಸಿದರು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ಒಂದೂವರೆ ವರ್ಷದ ಹತ್ತಿರ ಅಂಕಿಯೇ ಇರಲಿಲ್ಲ. ಆದರೂ ಎಲ್ಲರೂ "ನಾವೇ ನಂಬರ್ ಒನ್" ಅಂತ ಹೇಳಿಕೊಳ್ಳುವುದು ನಿಲ್ಲಲಿಲ್ಲ.

ನವಣೆಕ್ಕಿ

ಅಕ್ಕಾ, ಇದು ತುಂಬಾ ಉಪಯೋಗ ಆಯ್ತು. ಇನ್ನೊಂದು ಕೇಳಲಾ? ನಮ್ಮ ಅಧ್ಯಕ್ಷರಿಗೆ ಮಾತು ಸ್ವಲ್ಪ ಜಾಸ್ತಿ. ವರದಿಗಾರರ ಹತ್ತಿರ ಏನೋ ಹೇಳಿ ಕೊನೆಗೆ "ಇದು ಆಫ್ ದ ರೆಕಾರ್ಡ್ ಕಣ್ರೀ" ಅಂದರೆ ಸಾಕಲ್ವಾ?

ಮೈಕ್ ಲೋಗೊ

ಸಾಲದು. ಖಂಡಿತ ಸಾಲದು! ಆಫ್ ದ ರೆಕಾರ್ಡ್ ಇಬ್ಬರೂ ಒಪ್ಪಿ ಮಾಡಿಕೊಳ್ಳುವ ಮಾತು. ಹೇಳುವ ಮುಂಚೆ ಕೇಳಬೇಕು, ವರದಿಗಾರರು ಹೂಂ ಅನ್ನಬೇಕು. ಹೇಳಿಯಾದ ಮೇಲೆ ಅಂದರೆ ಅವರು ಪಾಲಿಸಬೇಕಾಗಿಲ್ಲ. ಪಾಲಿಸಿದರೆ ಅದು ಅವರ ಸೌಜನ್ಯ. ಮೈಕ್ ಅಂಗಿಗೆ ಸಿಕ್ಕಿಸಿದ ಮೇಲೆ, ಸಂದರ್ಶನ ಮುಗಿದು ಚಹಾ ಕುಡಿಯುವಾಗ ಆಡಿದ್ದೂ ಸೇರಿ, ಎಲ್ಲವೂ ರೆಕಾರ್ಡ್ ಮೇಲೆಯೇ ಅಂತ ಅಧ್ಯಕ್ಷರಿಗೆ ಹೇಳಿಡಿ.

ಇನ್ನೊಂದು ಗೊಂದಲ. ಆಫ್ ದ ರೆಕಾರ್ಡ್ ಅಂದರೆ ಬಳಸಲೇಬಾರದು ಅಂತ ಕೆಲವರು ತಿಳಿದಿರುತ್ತಾರೆ, ಬಳಸಬಹುದು ಹೆಸರು ಹಾಕಬಾರದು ಅಂತ ಇನ್ನು ಕೆಲವರು. ಎರಡನೆಯದಕ್ಕೆ ಬ್ಯಾಕ್‌ಗ್ರೌಂಡ್ ಅನ್ನುವುದು ವಾಡಿಕೆ. ಪದ ನಂಬಬೇಡಿ. "ಇದನ್ನು ಬರೆಯಬಹುದು, ನನ್ನ ಹೆಸರು ಬೇಡ" ಅಥವಾ "ಇದನ್ನು ಬರೆಯಲೇಬೇಡಿ" ಅಂತ ನೇರವಾಗಿ ಕನ್ನಡದಲ್ಲಿ ಹೇಳಿ, ಒಪ್ಪಿಗೆ ತೆಗೆದುಕೊಳ್ಳಿ.

ಯಶವಂತಪುರ ಲ್ಯಾಬು

ಎಂಬಾರ್ಗೊ ಕೂಡ ಇದೇ ಜಾತಿಯದ್ದು. ನಾನು ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನದ ಸುದ್ದಿ ಬರೆಯುತ್ತೇನೆ. "ಇಂಥ ದಿನ ಇಂಥ ಹೊತ್ತಿನವರೆಗೆ ಪ್ರಕಟಿಸಬೇಡಿ" ಅನ್ನುವ ಷರತ್ತಿನ ಮೇಲೆ ಮಾಹಿತಿ ಮುಂಚೆಯೇ ಕೊಡುವುದು ಎಂಬಾರ್ಗೊ. ಓದಿಕೊಂಡು, ಬೇರೆ ತಜ್ಞರನ್ನು ಕೇಳಿ, ಸರಿಯಾಗಿ ಬರೆಯಲು ವರದಿಗಾರರಿಗೆ ಸಮಯ ಸಿಗಲಿ ಅಂತ.

ನೇಚರ್ ಎಂಬ ವಿಜ್ಞಾನ ಪತ್ರಿಕೆಯ ಎಂಬಾರ್ಗೊ ಬಿಡುವುದು ಲಂಡನ್ ಸಮಯ ಸಂಜೆ 4ಕ್ಕೆ. ನಮಗೆ ಅದು ಬೇಸಿಗೆಯಲ್ಲಿ ರಾತ್ರಿ 8.30, ಚಳಿಗಾಲದಲ್ಲಿ 9.30. ಬೆಂಗಳೂರಿನ ವಿಜ್ಞಾನಿಗಳ ಪ್ರಬಂಧ ಬಂದರೂ ದೂರದ ಜಿಲ್ಲೆಗಳ ಆವೃತ್ತಿಗೆ ಅಷ್ಟು ಹೊತ್ತಿಗೆ ಪುಟ ಮುಗಿಯುತ್ತಾ ಬಂದಿರುತ್ತದೆ. ಮುಂಚೆಯೇ ಬರೆದಿಟ್ಟಿದ್ದರೆ ಮಾತ್ರ ಜಾಗ.

ನೀವು ಸುಮ್ನೆ ಪ್ರೆಸ್ ನೋಟ್ ತಲೆ ಮೇಲೆ "ಎಂಬಾರ್ಗೊ" ಅಂತ ಬರೆದು ಎಲ್ಲರಿಗೂ ಮೇಲ್ ಮಾಡಿದರೆ ಯಾರೂ ಒಪ್ಪಿದಂತೆ ಆಗುವುದಿಲ್ಲ. ಅದೂ ಅಲ್ಲದೆ, ಬೇಜಾರು ಮಾಡಿಕೊಳ್ಳಬೇಡಿ, ದೋಸೆ ಮಿಕ್ಸ್‌ಗೆ ಎಂಬಾರ್ಗೊ ಯಾಕೆ?

ರಾಗಿಮುದ್ದೆ ರಿಟರ್ನ್ಸ್

ಹಿಟ್ಟು ಹುದುಗು ಬರೋವರೆಗೂ ಎಂಬಾರ್ಗೊ.

ವಾರ್ತಾ ಭವನದ ಹಳಬ

ಜಿಲ್ಲಾ ವಾರ್ತಾಧಿಕಾರಿಗಳ ಕಚೇರಿಯಲ್ಲಿ ಸೇವೆ ಮಾಡಿ ನಿವೃತ್ತನಾಗಿದ್ದೇನೆ. ಅಡ್ವಟೋರಿಯಲ್ ಮತ್ತು ಪೇಯ್ಡ್ ನ್ಯೂಸ್ ನಡುವಿನ ಗೆರೆ ಯಾರೂ ಎಳೆಯಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅಡ್ವಟೋರಿಯಲ್ ಅಂದರೆ ಲೇಖನದ ರೂಪದ ಜಾಹೀರಾತು. ಮೇಲೆ "ಜಾಹೀರಾತು", "ಪ್ರಾಯೋಜಿತ" ಅಂತ ಏನಾದರೂ ಇರುತ್ತದೆ, ಅಕ್ಷರ ಇರುವೆಯಷ್ಟು ಚಿಕ್ಕದಾಗಿದ್ದರೂ. ಅಚ್ಚಿನ ಅಕ್ಷರ ಬೇರೆ, ಸುತ್ತ ಗೆರೆ. ಇದು ತಪ್ಪಲ್ಲ. ದುಡ್ಡು ತೆಗೆದುಕೊಂಡು, ಆ ಗುರುತು ಹಾಕದೆ ಸುದ್ದಿ ಅಂತ ಹಾಕಿದರೆ ಪೇಯ್ಡ್ ನ್ಯೂಸ್. ಅಲ್ಲಿ ಮೋಸ ಹೋಗುವವರು ಓದುಗರು.

2009ರ ಚುನಾವಣೆಗಳ ನಂತರ ಇದು ದೊಡ್ಡ ಗಲಾಟೆಯಾಗಿ, ಪತ್ರಿಕೆಗಳ ನಡತೆ ನೋಡುವ ಪ್ರೆಸ್ ಕೌನ್ಸಿಲ್ ಇಬ್ಬರ ಉಪಸಮಿತಿ ಮಾಡಿತು. ಅವರ ವರದಿಯಲ್ಲಿ ಪತ್ರಿಕೆಗಳ ಹೆಸರುಗಳಿದ್ದವು. 2010ರಲ್ಲಿ ಕೌನ್ಸಿಲ್ ಅದನ್ನು ಪೂರ್ತಿ ಹೊರಗೆ ಬಿಡಲಿಲ್ಲ. ಮಾಹಿತಿ ಆಯೋಗದ ಆದೇಶ ಬಂದ ಮೇಲೆ 2011ರಲ್ಲಿ ಪೂರ್ಣ ವರದಿ ಹೊರಬಂತು. ಅದೇ ವರ್ಷ ಉತ್ತರ ಪ್ರದೇಶದ ಬಿಸೌಲಿ ಕ್ಷೇತ್ರದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಿತು. ಸುದ್ದಿಯ ವೇಷದಲ್ಲಿ ಬಂದ ಪ್ರಚಾರದ ಖರ್ಚನ್ನು ಲೆಕ್ಕದಲ್ಲಿ ತೋರಿಸಿರಲಿಲ್ಲ ಅನ್ನುವುದು ಕಾರಣ.

ಈಗ ಚುನಾವಣೆ ಬಂದರೆ ಪ್ರತಿ ಜಿಲ್ಲೆಯಲ್ಲೂ ಎಂಸಿಎಂಸಿ ಅಂತ ಸಮಿತಿ ಇರುತ್ತದೆ. ಪತ್ರಿಕೆ, ಚಾನೆಲ್ ನೋಡುತ್ತಾ ಕೂರುವುದೇ ಅದರ ಕೆಲಸ. ಇಬ್ಬರು ಎದುರಾಳಿಗಳ ಬಗ್ಗೆ ಒಂದೇ ದಿನ ಒಂದೇ ಪುಟದಲ್ಲಿ "ಗೆಲುವು ಖಚಿತ" ಅಂತ ಬಂದರೆ ಅನುಮಾನ ಬರುತ್ತದೆ. ಒಂದೇ ಬರಹ ಬೇರೆ ಬೇರೆ ಪತ್ರಿಕೆಗಳಲ್ಲಿ ಪೂರ್ಣವಿರಾಮವೂ ಬದಲಾಗದೆ ಬಂದರೂ ಅಷ್ಟೇ. ನೋಟಿಸ್ ಹೋಗುತ್ತದೆ. ಪೇಯ್ಡ್ ನ್ಯೂಸ್ ಅಂತ ತೀರ್ಮಾನವಾದರೆ ಸರ್ಕಾರಿ ಜಾಹೀರಾತು ದರದ ಲೆಕ್ಕದಲ್ಲಿ ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತಾರೆ.

ಬಸವನಗುಡಿ ಬುಲೆಟಿನ್

ಅಯ್ಯೋ ಸರ್, ಅದು ಎವಿಇ ಅಲ್ವಾ!

ವಾರ್ತಾ ಭವನದ ಹಳಬ

ಲೆಕ್ಕ ಅದೇ ಥರದ್ದು. ಆದರೆ ಅಲ್ಲಿ ಕೇಳುತ್ತಿರುವ ಪ್ರಶ್ನೆಯೇ "ಈ ಜಾಗಕ್ಕೆ ಜಾಹೀರಾತಾಗಿ ದುಡ್ಡು ಕೊಟ್ಟಿದ್ದರೆ ಎಷ್ಟಾಗುತ್ತಿತ್ತು" ಅಂತ. ಅದಕ್ಕೆ ಆ ಅಳತೆ ಸರಿ. ಮೂರರಿಂದ ಗುಣಿಸುವುದೂ ಇಲ್ಲ. ನಿಮ್ಮ ಕ್ಲೈಂಟ್ ಕೇಳುವುದು "ಜನ ನಮ್ಮನ್ನು ನಂಬಿದರಾ, ಕೊಂಡರಾ" ಅಂತ. ಅದಕ್ಕೆ ಸ್ಕೇಲ್ ಹಿಡಿದರೆ ಉತ್ತರ ಬರುವುದಿಲ್ಲ.

ಹಳೇ ಡೆಸ್ಕು

ಹಳಬರು ಇವತ್ತು ನನಗೂ ಪಾಠ ಮಾಡಿದರು. ಪ್ರೆಸ್ ಮೀಟ್‌ನ ಕವರ್ ವಿಷಯವೂ ಒಂದಿದೆ. ಪತ್ರಿಕಾ ಭವನಕ್ಕೆ ಕಟ್ಟುವ ಶುಲ್ಕ, ಕಾಫಿ ತಿಂಡಿ ಸರಿ. ಅದರಾಚೆ ಯಾರಾದರೂ ವರದಿಗಾರರಿಗೆ ದುಡ್ಡಿನ ಲಕೋಟೆ ಇಡಬೇಕು ಅಂದರೆ, ಅದು ಏಜೆನ್ಸಿಯ ಬಿಲ್‌ನಲ್ಲಿ "ಇತರೆ" ಅಂತ ಕಂಡರೂ, ಇಲ್ಲ ಅನ್ನಿ. ಪ್ರೆಸ್ ಕೌನ್ಸಿಲ್ ನಿಯಮದಲ್ಲೇ ಉಡುಗೊರೆ ತೆಗೆದುಕೊಳ್ಳಬಾರದು ಅಂತ ಇದೆ.

ಇಳಕಲ್ ಅಂಚು

ನಾನು ರೀಲ್ಸ್ ಮಾಡ್ತೀನ್ರಿ, ಅಡುಗೆದ್ದು. ಪತ್ರಿಕೆ ಅಷ್ಟೇ ಅಲ್ಲ, ನಮ್ಮಂಥವರ ಕಡೆಗೂ ಏಜೆನ್ಸಿ ಬರುತ್ತದೆ. ನಮ್ಮಲ್ಲಿ ದುಡ್ಡು ಕೊಟ್ಟರೆ ಪೇಯ್ಡ್ ಕೊಲಾಬ್, ಬರೀ ಪ್ಯಾಕೆಟ್ ಕಳಿಸಿದರೆ ಬಾರ್ಟರ್. ಬಾರ್ಟರ್‌ಗೆ ಲೇಬಲ್ ಬೇಡ ಅಂತ ಬಹಳ ಮಂದಿ ತಿಳಿದಾರ. ಹಾಗಲ್ಲ. ಜಾಹೀರಾತು ಗುಣಮಟ್ಟ ನೋಡುವ ಆಸ್ಕಿ 2021ರಲ್ಲಿ ತಂದ ನಿಯಮದ ಪ್ರಕಾರ ಪುಕ್ಕಟೆ ವಸ್ತು ತಗೊಂಡರೂ ಜಾಹೀರಾತು ಅಂತ ಕಾಣುವ ಹಾಗೆ ಹಾಕಬೇಕು. ಹ್ಯಾಶ್‌ಟ್ಯಾಗ್ ರಾಶಿಯೊಳಗೆ ಮುಚ್ಚಿಡುವಂತಿಲ್ಲ.

ರೀಚ್ ಮತ್ತು ಇಂಪ್ರೆಷನ್ ಬೇರೆ ಬೇರೆ, ಇದನ್ನೂ ನೋಡ್ಕೊಳ್ರಿ. ನಾನೊಬ್ಬಳೇ ನಿಮ್ಮ ಪೋಸ್ಟ್ ಐದು ಸಲ ನೋಡಿದರೆ ರೀಚ್ ಒಂದು, ಇಂಪ್ರೆಷನ್ ಐದು. ರಿಪೋರ್ಟ್‌ನಲ್ಲಿ ದೊಡ್ಡ ಅಂಕಿ ಯಾವುದೋ ಅದನ್ನೇ ಹಾಕಿರ್ತಾರ.

ಮತ್ತೊಂದು ಮಾತು, ಅಕ್ಕಾರ. ಏಜೆನ್ಸಿ ಕೊಡುವ ಸ್ಕ್ರಿಪ್ಟ್‌ನಲ್ಲಿ "ಸಿರಿಧಾನ್ಯ ತಿಂದರೆ ಸಕ್ಕರೆ ಕಾಯಿಲೆ ವಾಸಿ" ಅಂತ ಇದ್ದರೆ ತೆಗೆಸಿರಿ. ನನಗೆ ಒಂದು ಸಲ ಅಂಥದ್ದು ಬಂದಿತ್ತು, ನಾ ಮಾಡಲಿಲ್ಲ.

ವಾರ್ತಾ ಭವನದ ಹಳಬ

ಸರಿಯಾಗಿ ಹೇಳಿದಿರಿ ತಾಯಿ. ಆಹಾರದ ಜಾಹೀರಾತಿನಲ್ಲಿ ರೋಗ ವಾಸಿಯಾಗುತ್ತದೆ ಅನ್ನುವಂತಿಲ್ಲ, 2018ರ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಇದೆ. ಮಧುಮೇಹ ಗುಣಪಡಿಸುವ ಔಷಧ ಅಂತ ಸಾರುವುದನ್ನು 1954ರ ಕಾಯ್ದೆಯೇ ತಡೆಯುತ್ತದೆ. ಪ್ರೆಸ್ ನೋಟ್‌ನಲ್ಲೂ ಆ ಮಾತು ಬೇಡ. ನಾರಿನಂಶ ಇಷ್ಟಿದೆ ಅಂತ ಲ್ಯಾಬ್ ವರದಿ ಇದ್ದರೆ ಅದನ್ನು ಬರೆಯಿರಿ.

ಕಪಿಲಾ ದಂಡೆ

ಹೋಲ್ಡಿಂಗ್ ಸ್ಟೇಟ್‌ಮೆಂಟ್ ಬಗ್ಗೆ ಯಾರೂ ಬರೆಯಲಿಲ್ಲ. ಆಹಾರದ ವ್ಯಾಪಾರಕ್ಕೆ ಇಳಿಯುವವರಿಗೆ ಅದು ಬೇಕೇ ಬೇಕು. ಏನೋ ಎಡವಟ್ಟಾದಾಗ, ಪೂರ್ತಿ ಮಾಹಿತಿ ಕೈಗೆ ಬರುವ ಮುಂಚೆ ಕೊಡುವ ನಾಲ್ಕು ಸಾಲು ಅದು. ವಿಷಯ ಗೊತ್ತಾಗಿದೆ, ಇಂಥ ಬ್ಯಾಚ್ ವಾಪಸ್ ತರಿಸುತ್ತಿದ್ದೇವೆ, ಪರೀಕ್ಷೆಗೆ ಕಳಿಸಿದ್ದೇವೆ, ಇಷ್ಟು ಹೊತ್ತಿಗೆ ಮತ್ತೆ ಹೇಳುತ್ತೇವೆ, ಅಷ್ಟೇ. "ನೋ ಕಮೆಂಟ್" ಅಂದರೆ ಜನ "ಹೌದು" ಅಂತಲೇ ಓದಿಕೊಳ್ಳುತ್ತಾರೆ.

ನಮ್ಮದು ನಂಜನಗೂಡು. ಇಲ್ಲಿನ ನೆಸ್ಲೆ ಕಾರ್ಖಾನೆಯಲ್ಲಿ ಮ್ಯಾಗಿ ತಯಾರಾಗುತ್ತದೆ, ಹಾಗಾಗಿ 2015ರ ಗಲಾಟೆ ಊರಿಗೆಲ್ಲ ನೆನಪಿದೆ. ಸೀಸದ ಅಂಶ, ರುಚಿ ಹೆಚ್ಚಿಸುವ ಎಂಎಸ್‌ಜಿ ಇಲ್ಲ ಅನ್ನುವ ಲೇಬಲ್, ಇವುಗಳ ಬಗ್ಗೆ ವಾರಗಟ್ಟಲೆ ಸುದ್ದಿ ಬಂತು. ಕಂಪನಿಯ ಜಾಗತಿಕ ಮುಖ್ಯಸ್ಥರು ದೆಹಲಿಗೆ ಬಂದು ಪತ್ರಿಕಾಗೋಷ್ಠಿ ಮಾಡಿದ್ದು ಜೂನ್ 5ಕ್ಕೆ, ಅಷ್ಟರಲ್ಲಿ ಮಾಲು ವಾಪಸ್ ತರಿಸುವ ಹಂತ ಬಂದಿತ್ತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಮ್ಯಾಗಿ ಮೇಲೆ ಹಾಕಿದ್ದ ನಿಷೇಧ ರದ್ದು ಮಾಡಿತು, ನವೆಂಬರ್‌ನಲ್ಲಿ ಮತ್ತೆ ಅಂಗಡಿಗೆ ಬಂತು. ಕೋರ್ಟ್‌ನಲ್ಲಿ ಗೆಲ್ಲುವುದು ಒಂದು, ಆ ಮೊದಲ ವಾರಗಳಲ್ಲಿ ತಾಯಂದಿರ ಪ್ರಶ್ನೆಗೆ ಉತ್ತರ ಕೊಡುವುದು ಇನ್ನೊಂದು. ನನ್ನ ಪ್ರಕಾರ ಅಷ್ಟು ದೊಡ್ಡ ಕಂಪನಿಯೂ ಎರಡನೆಯದರಲ್ಲಿ ತಡ ಮಾಡಿತು.

ತುಂಗಾತೀರ

ನನ್ನದು ಇನ್ನೊಂದೇ ಪ್ರಶ್ನೆ. ಪತ್ರಿಕೆ ತಪ್ಪು ಬರೆದರೆ ಸ್ಪಷ್ಟನೆ ಅಂತ ಹಾಕುತ್ತಾರಲ್ಲ, ಅದು ಪತ್ರಿಕೆಯದ್ದೋ, ಕಂಪನಿಯದ್ದೋ?

ಹಳೇ ಡೆಸ್ಕು

"ತಿದ್ದುಪಡಿ", "ವಿಷಾದಿಸುತ್ತೇವೆ" ಅಂತ ಇದ್ದರೆ ಪತ್ರಿಕೆ ತನ್ನ ತಪ್ಪು ಒಪ್ಪಿಕೊಂಡದ್ದು. "ಸ್ಪಷ್ಟನೆ" ಸಾಮಾನ್ಯವಾಗಿ ಎದುರಿನವರ ಮಾತು, ರಿಜಾಯಿಂಡರ್ ಅನ್ನುವುದು ಅದಕ್ಕೇ. ಅದರ ಕೆಳಗೆ ಒಮ್ಮೊಮ್ಮೆ "ವರದಿಗಾರರ ಪ್ರತಿಕ್ರಿಯೆ: ವರದಿಗೆ ಬದ್ಧ" ಅಂತ ಬರುತ್ತದೆ. ಹಾಗಿದ್ದರೆ ಜಗಳ ಇನ್ನೂ ಮುಗಿದಿಲ್ಲ.

ನವಣೆಕ್ಕಿ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಏಜೆನ್ಸಿಗೆ ಪ್ರಶ್ನೆಗಳನ್ನು ಕಳಿಸಿದ್ದೆ, ಉತ್ತರ ಬಂತು. ಆ ಆರು ಗ್ಯಾರಂಟಿ ಸ್ಟೋರಿಯಲ್ಲಿ ನಾಲ್ಕು ಅಡ್ವಟೋರಿಯಲ್ ಅಂತೆ, ಅದರ ದುಡ್ಡು ರಿಟೇನರ್ ಹೊರಗೆ ಪ್ರತ್ಯೇಕ. ಅದು ಮೊದಲ ಪ್ರಪೋಸಲ್‌ನಲ್ಲಿ ಎಲ್ಲೂ ಇರಲಿಲ್ಲ. ಎವಿಇ ತೆಗೆದಿದ್ದಾರೆ. ಎಂಬಾರ್ಗೊ ಯಾಕೆ ಅಂತ ಕೇಳಿದ್ದಕ್ಕೆ ಅವರೇ ನಕ್ಕರು.

ನಿರ್ದೇಶಕರು ಬೆಂಗಳೂರಿನ ಲಾಂಚ್‌ಗೆ ಮಾತ್ರ ಅವರಿಗೆ ಪ್ರಾಜೆಕ್ಟ್ ಲೆಕ್ಕದಲ್ಲಿ ಕೊಡೋಣ ಅಂದಿದ್ದಾರೆ. ಚಿತ್ರದುರ್ಗ, ದಾವಣಗೆರೆ ಪತ್ರಿಕೆಗಳನ್ನು ನಾವೇ ನೋಡಿಕೊಳ್ಳುತ್ತೇವೆ. ಒಂದು ಕೊನೇ ಪ್ರಶ್ನೆ. ಪ್ರೆಸ್ ನೋಟ್ ಎಷ್ಟು ಉದ್ದ ಇರಬೇಕು, ಯಾವ ಹೊತ್ತಿಗೆ ಕಳಿಸಬೇಕು?

ಹಳೇ ಡೆಸ್ಕು

ಒಂದು ಪುಟ. ಮುಖ್ಯ ವಿಷಯ ಮೊದಲ ಪ್ಯಾರಾದಲ್ಲೇ ಇರಲಿ. ಜಾಗ ಸಾಲದಿದ್ದರೆ ನಾವು ಕತ್ತರಿಸುವುದು ಬುಡದಿಂದ, ಹಾಗಾಗಿ ಗಣ್ಯರ ಹೆಸರಿನ ಪಟ್ಟಿ ಕೊನೆಗೆ ಹಾಕಿ. ಪಿಡಿಎಫ್ ಬೇಡ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಮೇಲ್‌ನಲ್ಲೇ ಅಂಟಿಸಿ. ಮಧ್ಯಾಹ್ನ ಮೂರರೊಳಗೆ ಬರಲಿ. ಆ ದಿನ ಜಿಲ್ಲೆಗೆ ಮುಖ್ಯಮಂತ್ರಿ ಬರುವವರಿದ್ದರೆ ಪ್ರೆಸ್ ಮೀಟ್ ಮುಂದಕ್ಕೆ ಹಾಕಿ.

ಮೈಕ್ ಲೋಗೊ

ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ಮಸುಕಾಗುತ್ತದೆ. ವಿಡಿಯೋ ಅಡ್ಡಡ್ಡ ಹಿಡಿದು ತೆಗೆಯಿರಿ. ಒಕ್ಕಣೆ ಯಾವಾಗ ಅಂತ ಒಂದು ಮೆಸೇಜ್ ಹಾಕಿ. ಹತ್ತಿರ ಇದ್ದರೆ ನಾನೇ ಬರುತ್ತೇನೆ. ಲಾಂಚ್‌ಗೆ ಬೇಡ, ಒಕ್ಕಣೆಗೆ.